ಕೈ ಜೋಮು ಹಿಡಿದರೆ ಅದು ಸೋಮಾರಿತನವೇ?



ಮನುಷ್ಯನಿಗೆ ಎಷ್ಟು ಪಕ್ಕೆಲುಬುಗಳಿವೆ? ‘12 ಜೊತೆ’ ಎಂದು ನೀವು ಥಟ್ಟನೆ ಹೇಳುತ್ತೀರಿ. ಉತ್ತರ ಸರಿ. ಆದರೆ ಕೆಲವರಿಗೆ ಒಂದೆರಡು ಹೆಚ್ಚಿರುತ್ತವೆ!

ನಮ್ಮ ಕುತ್ತಿಗೆಯಲ್ಲಿ 7 ಕಶೇರುಮಣಿಗಳಿವೆ. ಉದ್ದ ಕುತ್ತಿಗೆಯ ಜಿರಾಫೆಗೂ ಅಷ್ಟೇ. ಸಾಮಾನ್ಯವಾಗಿ ಇವುಗಳಿಗೆ ಪಕ್ಕೆಲುಬು ಇರುವುದಿಲ್ಲ. ಆದರೆ ನೂರರಲ್ಲಿ ಸುಮಾರು ಒಬ್ಬರಿಗೆ ಅಥವಾ ಅದಕ್ಕಿಂತಲೂ ಕಡಿಮೆ ಜನರಿಗೆ, ಹುಟ್ಟುವಾಗಲೇ 7ನೆಯ ಮಣಿಯ ಒಂದು ಬದಿಗೆ ಅಥವಾ ಎರಡೂ ಬದಿಗೆ ಪುಟ್ಟ ಪಕ್ಕೆಲುಬು ಇರುತ್ತದೆ. ಇದೇ ಕೊರಳ ಪಕ್ಕೆಲುಬು.

ಇದು ರೋಗವಲ್ಲ, ಅಪಶಕುನವೂ ಅಲ್ಲ. ಬಹಳಷ್ಟು ಜನರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೈಗೆ ಹೋಗುವ ನರಗಳೂ ರಕ್ತನಾಳವೂ ಇದೇ ದಾರಿಯಲ್ಲಿ ಸಾಗುತ್ತವೆ. ಎಲುಬು ಅವುಗಳನ್ನು ಒತ್ತಿದರೆ ಕಿರುಬೆರಳಿನ ಕಡೆ ಜೋಮು ಹಿಡಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ಕೈ ತಣ್ಣಗಾಗಿ ಬಿಳಿಚಿಕೊಳ್ಳಬಹುದು. ಕೆಲವು ಮಕ್ಕಳಲ್ಲಿ ಭುಜದ ಹತ್ತಿರ, ಕೊರಳೆಲುಬಿನ ಮೇಲೆ ಗಟ್ಟಿ ಗಂಟಷ್ಟೇ ಕೈಗೆ ಸಿಗುತ್ತದೆ.

ಇಲ್ಲಿ ನಾವು ದೊಡ್ಡವರು ತಪ್ಪು ಮಾಡುತ್ತೇವೆ ಎಂಬುದು ನನ್ನ ಅಭಿಪ್ರಾಯ. ‘ಬರೆಯುವಾಗ ಕೈ ಜೋಮು ಹಿಡಿಯುತ್ತದೆ’, ‘ಕೊಡ ಎತ್ತಲು ಆಗುವುದಿಲ್ಲ’ ಎಂದು ಮಗು ಹೇಳಿದರೆ ಸೋಮಾರಿ ಎನ್ನುತ್ತೇವೆ. ಗಂಟು ಕಂಡರೆ ತಿಕ್ಕಿಸುತ್ತೇವೆ, ಬರೆ ಹಾಕಿಸುತ್ತೇವೆ. ಬರೆಯಿಂದ ಎಲುಬು ಕರಗದು, ಚರ್ಮ ಸುಡುತ್ತದೆ ಅಷ್ಟೇ.

ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆಯಲ್ಲವೇ? ಭತ್ತದ ಎಲೆ ಹಳದಿಯಾದರೆ ಕೀಟವೋ, ರೋಗವೋ, ಗೊಬ್ಬರದ ಕೊರತೆಯೋ ಎಂದು ಮೊದಲು ತಿಳಿಯಬೇಕು, ಆಮೇಲೆ ಔಷಧಿ. ಪೈರಿಗೆ ಇರುವ ಈ ನಿಯಮ ಮಗುವಿಗೆ ಬೇಡವೇ?

ನೆಗಡಿಯಾದಾಗ ಊದುವ ಗ್ರಂಥಿ ಬೆರಳಿನಡಿ ಸರಿದಾಡುತ್ತದೆ, ಎಲುಬು ಸರಿಯದು. ಆದರೆ ಗಟ್ಟಿ ಗಂಟಿಗೆ ಬೇರೆ ಕಾರಣಗಳೂ ಇರುವುದರಿಂದ ಬೆರಳನ್ನು ನಂಬಿ ಕೂರಬಾರದು. ವೈದ್ಯರು ಎರಡೂ ಕೈಗಳ ನಾಡಿ, ಹಿಡಿತ ನೋಡುತ್ತಾರೆ. ಕುತ್ತಿಗೆಯ ಎಕ್ಸ್-ರೇ ತೆಗೆಸುತ್ತಾರೆ. ಹೆಚ್ಚಿನ ಎಲುಬು ಅದರಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ತೊಂದರೆ ಇಲ್ಲದಿದ್ದರೆ ಚಿಕಿತ್ಸೆ ಬೇಡ. ಇದ್ದರೆ ವ್ಯಾಯಾಮ, ಅಪರೂಪಕ್ಕೆ ಶಸ್ತ್ರಚಿಕಿತ್ಸೆ.

ಕೈಮೇಲೆ ಮಲಗಿ ಎದ್ದಾಗ ಬರುವ ಜೋಮಿಗೆ ಹೆದರಬೇಡಿ. ಆದರೆ ಅದು ಒಂದೇ ಕೈಗೆ ಮತ್ತೆ ಮತ್ತೆ ಬಂದರೆ ಅಥವಾ ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಮುಚ್ಚಿಡಬೇಡಿ. ಮನೆಯಲ್ಲಿ, ಗುರುಗಳಿಗೆ, ಶಾಲೆಗೆ ತಪಾಸಣೆಗೆ ಬರುವ ವೈದ್ಯರಿಗೆ ಹೇಳಿ. ಗೆಳತಿಯೊಬ್ಬಳು ಹೇಳಿದರೆ ನಗಬೇಡಿ, ಅವಳ ಜೊತೆ ಹೋಗಿ ಗುರುಗಳಿಗೆ ತಿಳಿಸಿ.