ಗೋಡೆ ಮೇಲಿನ ಡಾಕ್ಟರೂ, ಗಂಡಸರ ನಾಚಿಕೆಯೂ

ಬಸ್‌ಸ್ಟ್ಯಾಂಡಿನ ಮೂತ್ರಿಖಾನೆ ಗೋಡೆ, ಸಂತೆ ಬೀದಿಯ ಲೈಟು ಕಂಬ, ಸಿಟಿ ಬಸ್ಸಿನ ಹಿಂಬದಿ... ಎಲ್ಲಿ ನೋಡಿದರೂ ಅದೇ ಚೀಟಿ. ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ!’ ಡಾಕ್ಟರ ಡಿಗ್ರಿ ಇರೋಲ್ಲ, ಲಾಡ್ಜಿನ ರೂಮ್ ನಂಬರು ಮಾತ್ರ ಇರುತ್ತೆ. ಇವರ ವ್ಯಾಪಾರ ನಡೆಯೋದು ಔಷಧದಿಂದಲ್ಲ, ನಮ್ಮ ಗಂಡಸರ ನಾಚಿಕೆಯಿಂದ.

ಹೀಗೆ ಮುಚ್ಚಿಡುವ ಕಾಯಿಲೆಗಳಲ್ಲಿ ಒಂದು ತೀರಾ ಸಾಮಾನ್ಯವಾದದ್ದು. ಶಿಶ್ನದ ತುದಿ ಮತ್ತು ಮುಂದೊಗಲು ಕೆಂಪಾಗಿ ಊದಿಕೊಳ್ಳುತ್ತದೆ. ಕೆರೆತ, ಉರಿ, ಕೆಲವರಿಗೆ ಬಿಳಿ ಲೇಪ, ದುರ್ವಾಸನೆ. ಡಾಕ್ಟರುಗಳು ಇದಕ್ಕೆ ಬ್ಯಾಲನೈಟಿಸ್ ಅನ್ನುತ್ತಾರೆ. ಹುಡುಗರಿಂದ ಮುದುಕರವರೆಗೆ ಯಾರಿಗೂ ಬರಬಹುದು. ಬಂದ ಮಾತ್ರಕ್ಕೆ ಕೆಟ್ಟ ಚಾಳಿಯ ಫಲ ಎಂದು ತಿಳಿಯಬೇಕಿಲ್ಲ. ಮುಂದೊಗಲಿನಡಿ ಬೆವರು, ಕೊಳೆ ಕೂತರೆ ಬರುತ್ತೆ. ಘಾಟು ಸೋಪು ಹಾಕಿ ಉಜ್ಜಿದರೂ ಬರುತ್ತೆ. ಕ್ಯಾಂಡಿಡಾ ಎಂಬ ಬೂಷ್ಟಿನಿಂದಲೂ ಬರುತ್ತೆ. ಕೆಲವು ಸಲ ಲೈಂಗಿಕ ಸಂಪರ್ಕದಿಂದ ತಗಲಿದ ಸೋಂಕೂ ಇರಬಹುದು. ಯಾವುದೆಂದು ಹೇಳಬೇಕಾದ್ದು ಪರೀಕ್ಷೆ, ಗೋಡೆಯಲ್ಲ.

ಬೆಳಗಿನಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂರುವ ವ್ಯಾಪಾರಿಗಳು ಒಂದು ಮಾತು ಗಮನಿಸಬೇಕು. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಕ್ಯಾಂಡಿಡಾಗೆ ಅದೇ ಹಬ್ಬದೂಟ. ಎಷ್ಟೋ ಜನಕ್ಕೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ಗೊತ್ತಾಗೋದೇ ಈ ಕೆರೆತದಿಂದ. ಹಾಗಾಗಿ ಪದೇ ಪದೇ ಬಂದರೆ ರಕ್ತಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಕಾಯಿಲೆ ಬಂದಿದೆ ಎಂದೇ ಸೂಚನೆ. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ ಸಕ್ಕರೆ ಮಾತ್ರೆಗಳಿಂದಲೂ ಈ ತೊಂದರೆ ಹೆಚ್ಚುತ್ತೆ. ತಾವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಎರಡನೇ ಮೋಸ ಮೆಡಿಕಲ್ ಶಾಪಿನದು. ‘ಕೆರೆತಕ್ಕೆ ಏನಾದ್ರೂ ಕೊಡಿ’ ಅಂದರೆ ಸಾಕು, ಸ್ಟೀರಾಯ್ಡ್ ಬೆರೆಸಿದ ಮುಲಾಮು ಕೈಗೆ ಬರುತ್ತೆ. ಎರಡು ದಿನ ತಣ್ಣಗಿರುತ್ತೆ, ಒಳಗೆ ಬೂಷ್ಟು ಹಬ್ಬುತ್ತಿರುತ್ತೆ, ಚರ್ಮ ತೆಳುವಾಗುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಕೂಡದೆಂದು ಆದೇಶಿಸಿತು. ಕೌಂಟರಿನಲ್ಲಿ ಚೀಟಿ ಕೇಳೋರು ಎಷ್ಟು ಜನ?

ಹಾಗಾದರೆ ಮಾಡಬೇಕಾದ್ದೇನು? ದಿನವೂ ಮುಂದೊಗಲನ್ನು ಹಿಂದೆ ಸರಿಸಿ ಉಗುರುಬೆಚ್ಚನೆ ನೀರಿನಿಂದ ತೊಳೆದು, ಒರೆಸಿ ಒಣಗಿಸಿ, ಮತ್ತೆ ಮುಂದಕ್ಕೆ ತನ್ನಿ. ಸೋಪು ಬೇಡ. ಹತ್ತಿಯ ಒಳಚಡ್ಡಿ ಹಾಕಿ. ಕ್ಯಾಂಡಿಡಾ ಆದರೆ ಡಾಕ್ಟರು ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆ 2 ಸಲದಂತೆ ಒಂದೆರಡು ವಾರ ಹಚ್ಚಲು ಹೇಳುತ್ತಾರೆ. ಹೆಂಡತಿಗೂ ತುರಿಕೆ, ಬಿಳಿಸ್ರಾವ ಇದ್ದರೆ ಆಕೆಗೂ ಚಿಕಿತ್ಸೆ ಕೊಡಿಸಿ. ಪುಟ್ಟ ಮಕ್ಕಳ ಮುಂದೊಗಲನ್ನು ಮಾತ್ರ ಬಲವಂತವಾಗಿ ಎಳೆಯಕೂಡದು. ಹಿಂದೆ ಸರಿದ ಮುಂದೊಗಲು ಮುಂದಕ್ಕೆ ಬಾರದೆ ಸಿಕ್ಕಿಕೊಂಡರೆ, ಮೂತ್ರ ಕಟ್ಟಿದರೆ ಆ ಗಳಿಗೆಯೇ ಆಸ್ಪತ್ರೆಗೆ ಓಡಿ. ಮಾಯದ ಹುಣ್ಣು, ಗಂಟು ಇದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವ ತನಕ ಬಿಡಬೇಡಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಬೋರ್ಡಿನಡಿ ಇಂಥ ತೊಂದರೆಗಳಿಗೆ ಬಿಟ್ಟಿ ಚಿಕಿತ್ಸೆ ಉಂಟು, ಗುಟ್ಟೂ ಉಳಿಯುತ್ತೆ. ಆದರೆ ಆ ಬೋರ್ಡು ಆಸ್ಪತ್ರೆಯೊಳಗೆ; ಗೋಡೆ ಡಾಕ್ಟರ ಚೀಟಿ ಊರ ತುಂಬ!

ಗುಪ್ತರೋಗ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯಿದೆ ಪ್ರಕಾರವೇ ಅಪರಾಧ, ಜೈಲೂ ಆಗಬಹುದು. ನಗರಸಭೆಯವರು ಬಸ್‌ಸ್ಟ್ಯಾಂಡಿನ ಗೋಡೆಗೆ ಸುಣ್ಣ ಬಳಿಸಲಿ, ಅದೇ ಜಾಗದಲ್ಲಿ ಸುರಕ್ಷಾ ಕ್ಲಿನಿಕ್ಕಿನ ರೂಮ್ ನಂಬರು ಬರೆಸಲಿ. ಖರ್ಚು ಒಂದು ಡಬ್ಬಿ ಬಣ್ಣ ಅಷ್ಟೆ.

ಇನ್ನು ಗಂಡಸರಿಗೆ ಒಂದು ಮಾತು. ಹಲ್ಲು ನೋವಿಗೆ ಡಾಕ್ಟರ ಹತ್ತಿರ ಹೋಗೋಕೆ ನಾಚದವರು ಇದಕ್ಕೆ ಯಾಕೆ ನಾಚಬೇಕು? ಇದೂ ಚರ್ಮವೇ ಸ್ವಾಮಿ!