ಹುಡುಗರ ಮೊದಲನೇ ಬೈಕು: ಎಷ್ಟು ಸಿಸಿ ಸಾಕು?

ನಮ್ಮ ತಿಪಟೂರು ಸೀಮೇಲಿ ಕೊಬ್ಬರಿಗೆ ಒಳ್ಳೆ ರೇಟು ಬಂದಿದ್ದೂ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದ್ದೂ ಒಂದೇ ವರ್ಷ ಆಯ್ತು. ಪಿಯುಸಿ ಮುಗಿಸಿದ ಹುಡುಗರು ಮನೇಲಿ ಹಟ ಹಿಡಿದು ಕೂತಿದ್ದಾರೆ. ಕೇಳ್ತಿರೋದು 200 ಇಲ್ಲಾ 350. ನಾಲ್ಕೈದು ಜನ ಅಪ್ಪಂದಿರು "ಏನ್ಮಾಡೋದು ಹೇಳಣ್ಣ" ಅಂತ ಕೇಳಿದ್ರು. ನನ್ನ ಅಭಿಪ್ರಾಯ ನೇರವಾಗಿ ಬರೀತೀನಿ. ಗೇರ್ ಗಾಡಿ ಹೊಸದಾಗಿ ಕಲಿಯೋರಿಗೆ 100ರಿಂದ 125 ಸಿಸಿ ಸಾಕು. ಮೊದಲ ಎರಡು ವರ್ಷ ಅದಕ್ಕಿಂತ ಮೇಲೆ ಹೋಗಬೇಡಿ.

ಬೋರಿಗೆ ಮೋಟ್ರು ಇಳಿಸೋವಾಗ ನಾವು ಏನು ನೋಡ್ತೀವಿ? ಆಳ ಎಷ್ಟು, ನೀರು ಎಷ್ಟು ಅಂತ ನೋಡಿ ಆಮೇಲೆ ಎಚ್‌ಪಿ ತೀರ್ಮಾನ ಮಾಡ್ತೀವಿ. ಪಕ್ಕದ ತೋಟದೋನು ಹತ್ತು ಎಚ್‌ಪಿ ಹಾಕ್ಸಿದ ಅಂತ ನಾವೂ ಹಾಕ್ಸಲ್ಲ. ಬೈಕಿಗೆ ಮಾತ್ರ ಈ ಲೆಕ್ಕ ಯಾಕೆ ಮರೀತೀವಿ?

ಸಿಸಿ ಅಂದ್ರೆ ಇಂಜಿನ್ ಸಿಲಿಂಡರಿನ ಅಳತೆ ಅಷ್ಟೇ. ಓಡಿಸೋನ ಕೈಗೆ ಗೊತ್ತಾಗೋದು ಎಚ್‌ಪಿ ಮತ್ತು ತೂಕ. ಸ್ಪ್ಲೆಂಡರ್ ಪ್ಲಸ್ 97 ಸಿಸಿ, ಸುಮಾರು 8 ಎಚ್‌ಪಿ, ತೂಕ 112 ಕೆಜಿ ಆಸುಪಾಸು. ಕ್ಲಾಸಿಕ್ 350 ಸುಮಾರು 20 ಎಚ್‌ಪಿ, ತೂಕ 195 ಕೆಜಿ. ಡ್ಯೂಕ್ 200 ಸಿಸಿ ಲೆಕ್ಕದಲ್ಲಿ ಅದಕ್ಕಿಂತ ಚಿಕ್ಕದು, ಆದ್ರೆ ಸುಮಾರು 25 ಎಚ್‌ಪಿ. "350 ಬೇಡಪ್ಪ, 200 ಕೊಡಿಸ್ತೀನಿ" ಅಂತ ರಾಜಿ ಆದ ಅಪ್ಪ ಇನ್ನೂ ಜೋರಾದ ಗಾಡೀನೇ ಕೊಡಿಸಿದ ಹಾಗಾಯ್ತು. ಉಳೋಕೆ ಕಲಿಯೋ ಹುಡುಗನಿಗೆ ಪಳಗಿದ ಎತ್ತು ಕಟ್ಟಿಕೊಡ್ತೀವೇ ಹೊರತು ಹೋರಿ ಕಟ್ಟಲ್ಲ.

ಇನ್ನು ನಮ್ಮ ರಸ್ತೆ. ಸುಗ್ಗೀಲಿ ರಾಗಿ, ಹುರುಳಿ ತಂದು ಟಾರು ರೋಡಿಗೇ ಹರಡೋರು ನಾವೇ. ಅದರ ಮೇಲೆ ಬ್ರೇಕ್ ಹಿಡಿದ್ರೆ ಟೈರು ಜಾರುತ್ತೆ. ವೇಗ ಎರಡರಷ್ಟಾದ್ರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲೋ ದೂರ ನಾಲ್ಕರಷ್ಟಾಗುತ್ತೆ. ಕಳೆದ ಸುಗ್ಗೀಲಿ ಪಕ್ಕದೂರಿನ ಹುಡುಗ ದೊಡ್ಡ ಗಾಡಿ ತಗೊಂಡ ಮೂರನೇ ವಾರಕ್ಕೆ ಹುರುಳಿ ಮೇಲೆ ಜಾರಿ ಬಿದ್ದ. ಗಾಡಿ ಕಾಲ ಮೇಲೇ ಬಿತ್ತು, ಒಬ್ಬನೇ ಎತ್ತೋಕೆ ಆಗ್ಲಿಲ್ಲ. ಕಾಲಿಗೆ ರಾಡು ಹಾಕಿದಾರೆ. ಅವರಪ್ಪ ಹಾಲು ಕರೀತಿದ್ದ ಎರಡು ಹಸು ಮಾರಿದ.

ಹುಡುಗರ ಕಡೆಯ ಒಂದು ಮಾತನ್ನೂ ಒಪ್ಪಬೇಕು. 2019ರಿಂದ 125 ಸಿಸಿ ದಾಟಿದ ಹೊಸ ಗಾಡಿಗೆಲ್ಲ ಎಬಿಎಸ್ ಕಡ್ಡಾಯ. ಗಾಬರಿಯಲ್ಲಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗಲ್ಲ. 125ರ ಒಳಗಿನವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯೋ ಸಿಬಿಎಸ್ ಇದ್ರೂ ನಡೆಯುತ್ತೆ ಅಂತ ಆ ನಿಯಮ. ಅದಕ್ಕೇ 125 ತಗೊಳ್ಳೋರು ಮುಂದಕ್ಕೆ ಡಿಸ್ಕ್ ಬ್ರೇಕ್ ಇರೋದೇ ತಗೊಳ್ಳಿ, ಎಬಿಎಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಸ್ಟಿಕ್ಕರಿಗೆ, ಬಣ್ಣಕ್ಕೆ ಕೊಡೋ ದುಡ್ಡು ಬ್ರೇಕಿಗೆ ಕೊಡಿ. ಆದ್ರೆ ಎಬಿಎಸ್ ಇದೆ ಅಂತ 25 ಎಚ್‌ಪಿ ಗಾಡಿ ಹೊಸಬರ ಕೈಗೆ ಕೊಡೋದು ಬೇಡ.

ದುಡ್ಡಿನ ಲೆಕ್ಕವೂ ಇದೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೇ ಕಟ್ಟಬೇಕು. 2022ರಲ್ಲಿ ನಿಗದಿಯಾದ ದರದಲ್ಲಿ 75ರಿಂದ 150 ಸಿಸಿವರೆಗೆ 3,851 ರೂಪಾಯಿ, 150 ದಾಟಿ 350ರವರೆಗೆ 7,365 ರೂಪಾಯಿ, ಜಿಎಸ್‌ಟಿ ಬಿಟ್ಟು. ಪೆಟ್ರೋಲು, ಟೈರು, ಚೈನ್ ಸೆಟ್ಟು ಎಲ್ಲಾ ಇದೇ ಥರ ಮೇಲೇರುತ್ತೆ. ಡೈರಿಗೆ ಹಾಲಿನ ಕ್ಯಾನು, ತೋಟದಿಂದ ಒಂದು ಹೊರೆ ಹುಲ್ಲು ತರೋಕೆ 100 ಸಿಸಿ ಧಾರಾಳ.

18 ತುಂಬದೋರ ವಿಚಾರ. 16ಕ್ಕೇ ಲೈಸೆನ್ಸ್ ಸಿಗುತ್ತೆ ಅಂತ ಕೆಲವರು ಹೇಳ್ತಾರೆ. ಅದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ನಮ್ಮ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ 99 ಸಿಸಿ ಮೇಲೇ ಇದೆ. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಓಡಿಸಿ ಕೇಸಾದ್ರೆ ಪೋಷಕರಿಗೆ ಇಲ್ಲಾ ಗಾಡಿ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವರ್ಷ ಆಗೋವರೆಗೂ ಲೈಸೆನ್ಸ್ ಇಲ್ಲ.

ಶೋರೂಮಿಗೆ ಹೋದಾಗ ಮೂರು ವಿಷಯ ನೋಡಿ. ಕೂತ್ರೆ ಎರಡೂ ಪಾದ ನೆಲಕ್ಕೆ ಊರುತ್ತಾ? ಇಂಜಿನ್ ಆಫ್ ಇದ್ದಾಗ ಒಬ್ಬನೇ ಹಿಂದಕ್ಕೆ ತಳ್ತಾನಾ? ಯಾರೂ ಹಿಡೀದೆ ಸೆಂಟರ್ ಸ್ಟ್ಯಾಂಡ್ ಹಾಕ್ತಾನಾ? ಮೂರೂ ಆದ್ರೆ ತಗೊಳ್ಳಿ. ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಉಳಿದ ದುಡ್ಡಲ್ಲಿ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್ ತನ್ನಿ.

ಎರಡು ವರ್ಷ ಕೈ ಪಳಗಲಿ. ಆಮೇಲೆ ಅವನೇ ದುಡಿದು 350 ತಗೊಂಡ್ರೆ ನಾನೇ ಹಿಂದೆ ಕೂತು ಊರು ಸುತ್ತಿ ಬರ್ತೀನಿ.