ಕೆಂಪು ಅಕ್ಷರ, ಒಡೆದ ಮಡಕೆ

ಸಹೋದರ ಪತ್ರಿಕೆಯೊಂದು ಈಚೆಗೆ ವಿಶೇಷ ಸಂಚಿಕೆ ತಂದಿದೆ. ಮುಖಪುಟದಲ್ಲಿ ‘ಘಟಶ್ರಾದ್ಧ’ದ ತಲೆ ಬೋಳಿಸಿದ ಯಮುನಕ್ಕ. ಅವಳ ಸೆರಗಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ‘ಎ’. ಶೀರ್ಷಿಕೆ, ‘ಕನ್ನಡದ ಹೆಸ್ಟರ್’. ಅದನ್ನು ನೋಡಿದ ಮೇಲೆ ಮೂರು ದಿನ ಊಟ ಸೇರಲಿಲ್ಲ ಎಂದರೆ ಉತ್ಪ್ರೇಕ್ಷೆಯಾದೀತು. ಅವತ್ತಿನ ಕಾಫಿಯಂತೂ ಸೇರಲಿಲ್ಲ.

ಸಂದರ್ಭವೇನೋ ಸರಿಯಾದದ್ದೇ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಹೊಸದಾಗಿ ತೊಳೆದು ಬೆಳಗಿದ ಪ್ರತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆ ಏರಿತು. ಆ ಚಿತ್ರದ ಮೂಲಕಥೆ ಬರೆದ ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ಕ್ಕೆ ಅರವತ್ತು ತುಂಬಿತು. ವೆನಿಸ್ ಒಪ್ಪಿದ್ದನ್ನು ನಾವು ಮತ್ತೊಮ್ಮೆ ಒಪ್ಪುವುದು ಹಳೆಯ ಚಾಳಿ, ಹಾಗಾಗಿ ಊರೆಲ್ಲ ವಿಚಾರಸಂಕಿರಣ. ಆಹ್ವಾನಪತ್ರಿಕೆಯಲ್ಲಿ ಗಣ್ಯರ ಹೆಸರುಗಳೇ ಒಂದೂವರೆ ಪುಟ. ವಿಷಯ ಯಾವುದೆಂದು ಭೂತಗನ್ನಡಿ ಹಿಡಿದು ಹುಡುಕಬೇಕು. ಅಲ್ಲೆಲ್ಲ ಕೇಳಿಬಂದದ್ದು ಒಂದೇ ಲೆಕ್ಕ: ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಅಂದರೆ ಹಾಥಾರ್ನ್‌ನ ಪಾದ್ರಿ ಡಿಮ್ಸ್‌ಡೇಲ್, ಅವರ ಅಗ್ರಹಾರ ದೂರ್ವಾಸಪುರ ಅಂದರೆ ಬಾಸ್ಟನ್, ಪ್ಯೂರಿಟನ್ ಅಂದರೆ ಮಡಿವಂತ. ಮೊದಲಿನ ಎರಡನ್ನು ಕ್ಷಮಿಸಬಹುದು. ಮೂರನೆಯದನ್ನು ಕ್ಷಮಿಸಲಾರೆ, ಏಕೆಂದರೆ ಅನಾಹುತವೆಲ್ಲ ಶುರುವಾಗಿರುವುದು ಅಲ್ಲಿಂದಲೇ.

ಪ್ಯೂರಿಟನ್ನನಿಗೆ ಬೇಕಾಗಿದ್ದದ್ದು ನಿಮ್ಮ ಎದೆಯೊಳಗಿನ ಗುಟ್ಟು. ದೇವರ ಮುಂದೆ ನೀವು ಏನಾಗಿದ್ದೀರಿ, ಬಾಯಿಬಿಟ್ಟು ಹೇಳಿ, ಎನ್ನುತ್ತಿದ್ದ. ನಮ್ಮ ಮಡಿವಂತನಿಗೆ ನಿಮ್ಮ ಎದೆ ಯಾಕೆ? ಯಾರ ಮನೆಯಲ್ಲಿ ಉಂಡಿರಿ, ಯಾರನ್ನು ಮುಟ್ಟಿದಿರಿ, ಯಾವ ಬಾವಿಯ ನೀರು, ಇಷ್ಟು ಗೊತ್ತಾದರೆ ಸಾಕು. ಮಡಿ ಬಟ್ಟೆಗೆ, ನೀರಿಗೆ, ಮೈಗೆ ಸಂಬಂಧಿಸಿದ ಮಾತು. ಸ್ನಾನ ಮಾಡಿದರೆ ಮೈಲಿಗೆ ಹೋಗುತ್ತದೆ, ಪಾಪ ಹೋಗುವುದಿಲ್ಲ. ಈ ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದ ಅನುವಾದಕ ಮಹಾಶಯ ಯಾರೋ ತಿಳಿಯದು. ನಾಲ್ಕು ತಲೆಮಾರಿನ ಇಂಗ್ಲಿಷ್ ಮೇಷ್ಟ್ರುಗಳು ಅದನ್ನೇ ಪಾಠ ಹೇಳಿಕೊಂಡು ಬಂದರು.

ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ ಪುಸ್ತಕವನ್ನು ಬಜಾರು ಗೈಡಿನ ಹೊರಗೆ ಓದಿದವರಿಗೆ ನೆನಪಿರಬಹುದು. 1850ರಲ್ಲಿ ಬಂದ ಕಾದಂಬರಿ, ಅದಕ್ಕೆ ಇನ್ನೂರು ವರ್ಷ ಹಿಂದಿನ ಕಥೆ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಹೆಸ್ಟರ್ ಪ್ರಿನ್ ಸಂತೆಕಟ್ಟೆಯ ಮೇಲೆ ಮೂರು ತಾಸು ನಿಲ್ಲಬೇಕು, ಊರೆಲ್ಲ ನೋಡಬೇಕು. ಎದೆಯ ಮೇಲೆ ಹಾದರದ ಗುರುತಾದ ಕೆಂಪು ‘ಎ’ ಅಕ್ಷರಕ್ಕೆ ಅವಳೇ ಚಿನ್ನದ ದಾರದ ಕಸೂತಿ ಹಾಕಿದ್ದಾಳೆ. ಆಮೇಲೆ ಊರಂಚಿನ ಗುಡಿಸಲಿನಲ್ಲಿದ್ದುಕೊಂಡು ಅದೇ ಊರಿಗೆ ಬಟ್ಟೆ ಹೊಲಿಯುತ್ತಾಳೆ. ಗವರ್ನರನ ಪೋಷಾಕಿಗೆ ಅವಳ ಸೂಜಿ ಆಗುತ್ತದೆ, ಹೆಣದ ಬಟ್ಟೆಗೆ ಆಗುತ್ತದೆ, ಎಳೆಗೂಸಿನ ಕುಲಾವಿಗೂ ಆಗುತ್ತದೆ. ಮದುಮಗಳ ಮುಸುಕಿಗೆ ಮಾತ್ರ ಆಗುವುದಿಲ್ಲ. (ಈ ಒಂದು ವಿವರಕ್ಕಾಗಿ ಹಾಥಾರ್ನ್‌ನ ಉದ್ದುದ್ದ ಪೀಠಿಕೆಯನ್ನೆಲ್ಲ ಸಹಿಸಿಕೊಳ್ಳುತ್ತೇನೆ.) ವರ್ಷಗಳು ಕಳೆದಂತೆ ಜನ ಆ ಅಕ್ಷರಕ್ಕೆ ‘ಏಬಲ್’, ಅಂದರೆ ಸಮರ್ಥೆ, ಎಂಬ ಬೇರೆ ಅರ್ಥವನ್ನೇ ಹಚ್ಚುತ್ತಾರೆ. ಊರು ಬಿಟ್ಟು ಹೋದವಳು ತಾನಾಗಿ ಹಿಂದಿರುಗಿ ಅದನ್ನು ಮತ್ತೆ ಧರಿಸುತ್ತಾಳೆ. ಕೊನೆಗೆ ಅವಳ ಗೋರಿಗೂ ಪಾದ್ರಿಯ ಗೋರಿಗೂ ಸೇರಿ ಒಂದೇ ಕಲ್ಲು. ಮಗಳು ಪರ್ಲ್ ಆಸ್ತಿವಂತೆಯಾಗಿ ಯೂರೋಪಿನಲ್ಲಿ ನೆಲೆಸುತ್ತಾಳೆ.

ಕ್ರೂರವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಊರಿಗೆ ಅವಳು ಬೇಕು. ಅವಳು ಕಣ್ಣೆದುರಿಗೆ ಓಡಾಡುತ್ತಿದ್ದರೆ ತಾನೇ ಉಳಿದವರ ಪುಣ್ಯಕ್ಕೆ ಬೆಲೆ?

ಈಗ ಯಮುನಕ್ಕನ ಕಡೆ ಬನ್ನಿ. ವಿಧವೆ, ಬಸುರಿ. ತಂದೆ ಉಡುಪರೇ, ಮಕ್ಕಳಿಗೆ ವೇದ ಹೇಳಿಕೊಡುವವರು, ಬದುಕಿರುವ ಮಗಳ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾರೆ. ಮಡಕೆ ಒಡೆದ ಗಳಿಗೆಯಿಂದ ಅವಳು ಇಲ್ಲ. ಪಾಪಿಯಾಗಿಯಾದರೂ ಉಳಿದಳೇ ಎಂದರೆ ಅದೂ ಇಲ್ಲ, ಸತ್ತವಳು. ಅಕ್ಷರವಾದರೆ ಕಸೂತಿ ಹಾಕಬಹುದು, ಹೊಸ ಅರ್ಥ ಕೊಡಬಹುದು. ಒಡೆದ ಮಡಕೆಗೆ ಯಾವ ಸೂಜಿ, ಯಾವ ದಾರ? ಇನ್ನು ಬಸುರು ಮಾಡಿದ ಶಾಲಾಮಾಸ್ತರ ಡಿಮ್ಸ್‌ಡೇಲನಂತೆ ಏಳು ವರ್ಷ ಎದೆ ಒತ್ತಿಕೊಂಡು ಕೊರಗಿದನೇ? ಊರು ಬಿಟ್ಟು ಹೋದ, ಅಷ್ಟೆ. ಅವನ ಅಂತರಂಗಕ್ಕೆ ಹಾಥಾರ್ನ್ ಅರ್ಧ ಪುಸ್ತಕ ಕೊಡುತ್ತಿದ್ದ. ಅನಂತಮೂರ್ತಿ ಒಂದು ವಾಕ್ಯವನ್ನೂ ದಂಡ ಮಾಡಲಿಲ್ಲ, ಕಥೆಯನ್ನು ನಾಣಿ ಎಂಬ ಹುಡುಗನ ಕಣ್ಣಿಗೆ ಕೊಟ್ಟರು. ಅಂಥ ಯಮುನಕ್ಕನ ಸೆರಗಿಗೆ ‘ಎ’ ಅಂಟಿಸುವುದೆಂದರೆ, ಅವಳಿಗೆ ಆ ಊರು ಕೊಡದ ಇರವನ್ನು ನಾವು ಬಣ್ಣದ ಮುಖಪುಟದಲ್ಲಿ ಪುಕ್ಕಟೆ ಕೊಟ್ಟು, ಪಾಪಪುಣ್ಯದ ಕಥೆಯೆಂದು ನಿಟ್ಟುಸಿರು ಬಿಟ್ಟು, ಕೈತೊಳೆದುಕೊಳ್ಳುವುದು.

‘ಸಂಸ್ಕಾರ’ದ ಗಂಟೂ ಪಾಪದಲ್ಲಿಲ್ಲ. ನಾರಣಪ್ಪ ಚಂದ್ರಿಯನ್ನು ಇಟ್ಟುಕೊಂಡಿದ್ದ, ಮಾಂಸ ತಿಂದ, ಎಲ್ಲ ಹಗಲು ಬೆಳಕಿನಲ್ಲಿಯೇ. ಅಗ್ರಹಾರಕ್ಕೆ ಅದೆಲ್ಲ ಗೊತ್ತಿತ್ತು. ಆದರೂ ಬಹಿಷ್ಕಾರ ಹಾಕಿರಲಿಲ್ಲ, ಏಕೆಂದರೆ ಮುಸಲ್ಮಾನನಾಗುತ್ತೇನೆಂದು ಅವನು ಹೆದರಿಸಿದ್ದ. ಬಹಿಷ್ಕಾರ ಹಾಕಿದ್ದರೆ ಅವನು ಸತ್ತಾಗ ಶವ ಯಾರದೋ ಆಗಿರುತ್ತಿತ್ತು. ಹಾಕದೆ ಇದ್ದದ್ದರಿಂದ ಅದು ಬ್ರಾಹ್ಮಣನ ಶವ. ಯಾರು ಸಂಸ್ಕಾರ ಮಾಡಬೇಕು? ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಇಟ್ಟ ತಕ್ಷಣ ಧರ್ಮಸೂಕ್ಷ್ಮಗಳೆಲ್ಲ ತಕ್ಕಡಿಗೆ ಬರುತ್ತವೆ. ಇದು ಲೆಕ್ಕಪತ್ರದ ಕಾದಂಬರಿ: ಯಾರ ಪಂಕ್ತಿ, ಯಾರ ಹೆಗಲು, ಯಾರ ಬಂಗಾರ. ನಾವೋ ಅರವತ್ತು ವರ್ಷ ಆಚಾರ್ಯರ ಒಳತೋಟಿಯನ್ನೇ ತೂಗಿದೆವು. ಅಸ್ತಿತ್ವವಾದ ಎಂದೆವು, ಆಯ್ಕೆ ಎಂದೆವು, ಆತಂಕ ಎಂದೆವು. ಪ್ರಕರಣವನ್ನು ಒಬ್ಬ ಗಂಡಸಿನ ಎದೆಯೊಳಗೆ ಕೂಡಿಹಾಕಿದರೆ ಊರಿನಲ್ಲಿ ಬೇರೆ ಯಾರೂ ಉತ್ತರ ಹೇಳಬೇಕಾಗಿಲ್ಲ. ಎಂಥ ಅನುಕೂಲ!

ಅದೇ ಕಾದಂಬರಿಯಲ್ಲಿ ಇನ್ನೂ ಹೆಣಗಳು ಬೀಳುತ್ತವೆ. ನಾರಣಪ್ಪನನ್ನು ಕೊಂದ ಪ್ಲೇಗಿಗೇ ಹೊಲಗೇರಿಯಲ್ಲಿ ಸತ್ತವರನ್ನು ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಯಾವ ತಾಳೆಗರಿ ಬಿಚ್ಚಬೇಕು, ಯಾವ ಮಾರುತಿಯ ಹೂಪ್ರಸಾದಕ್ಕೆ ಕಾಯಬೇಕು? ಬೆಂಕಿ ಹಚ್ಚಿದರಾಯಿತು. ಕಾದಂಬರಿಕಾರರು ಅದನ್ನು ಕಂಡಿದ್ದಾರೆ, ಪುಟದಲ್ಲಿ ಇಟ್ಟಿದ್ದಾರೆ. ಕಾಣದೆ ಪುಟ ತಿರುವಿದವರು ವಿಮರ್ಶಕರು. ಹೊರಗೆ ಹಾಕಬೇಕಾದರೆ ಮೊದಲು ಒಳಗಿರಬೇಕು. ಹುಟ್ಟುವ ಮೊದಲೇ ಹೊರಗಿದ್ದವರಿಗೆ ಮಡಕೆ ಒಡೆಯುವ ಖರ್ಚೂ ಇಲ್ಲ.

ಇದನ್ನು ಹೇಳಲು ನಾವು ಬಾಸ್ಟನ್ನಿಗೆ ಹೋಗಬೇಕಾಗಿಲ್ಲ, ನಮ್ಮ ಜ್ಞಾನಭಾರತಿಯ ಕನ್ನಡ ಅಧ್ಯಯನ ಕೇಂದ್ರದ ಕಾರಿಡಾರಿನಲ್ಲೇ ಇದನ್ನು ಹೇಳಿದವರು ಓಡಾಡುತ್ತಿದ್ದರು. ಸಿದ್ಧಲಿಂಗಯ್ಯನವರು ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟರು. ಆ ಎರಡು ಪದಗಳ ನಡುವಿನ ದೂರವನ್ನು ಯಾವ ಪಾಪದ ಸಿದ್ಧಾಂತ ಅಳೆಯುತ್ತದೆ? ಡಿ.ಆರ್. ನಾಗರಾಜ್ 1993ರ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಗಾಂಧಿ ಮತ್ತು ಅಂಬೇಡ್ಕರರನ್ನು ಎದುರುಬದುರು ಕೂರಿಸಿ ಆತ್ಮಶುದ್ಧಿಯ ದಾರಿ ಬೇರೆ, ಆತ್ಮಗೌರವದ ದಾರಿ ಬೇರೆ ಎಂದು ಬಿಡಿಸಿಟ್ಟರು. ಎರಡನ್ನೂ ಕೂಡಿಸಿ ನೋಡಲು ಹೊರಟವರು ಅವರು, ಅದು ಬೇರೆ ಮಾತು. ಆದರೆ ನಮ್ಮ ಸಂಕಿರಣಗಳು ಇನ್ನೂ ಮೊದಲ ದಾರಿಯಲ್ಲೇ ನಿಂತು ಆಚಾರ್ಯರಿಗೆ ಸ್ನಾನ ಮಾಡಿಸುತ್ತಿವೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಅವರ ಮಂತ್ರಿಗಿರಿಯನ್ನೇ ಕಿತ್ತುಕೊಂಡೆವು. ಅವತ್ತು ಬೀದಿಗಿಳಿದವರು ಇವತ್ತು ‘ಬಹಿಷ್ಕಾರದ ಸೌಂದರ್ಯಮೀಮಾಂಸೆ’ ಕುರಿತು ದಿಕ್ಸೂಚಿ ಭಾಷಣ ಮಾಡಿದರೂ ನನಗೆ ಆಶ್ಚರ್ಯವಿಲ್ಲ.

ಅಗ್ರಹಾರದ ಕಾಲ ಮುಗಿಯಿತಲ್ಲ ಎನ್ನುವವರು ದಯವಿಟ್ಟು ನನ್ನ ಜೊತೆ ಒಂದು ಭಾನುವಾರ ನಾಗರಬಾವಿಗೆ ಬರಲಿ. ರಾಯಚೂರಿನ ಕಡೆಯ ಸಂಶೋಧನ ವಿದ್ಯಾರ್ಥಿಯೊಬ್ಬನಿಗೆ ರೂಮು ಹುಡುಕಲು ಹೋಗಿದ್ದೆ. ಮಾಲೀಕರು ಸಜ್ಜನರು, ಕೂರಿಸಿ ಕಾಫಿ ಕೊಟ್ಟರು. ಬಾಡಿಗೆ, ಅಡ್ವಾನ್ಸು, ಕಾವೇರಿ ನೀರು, ಎಲ್ಲ ಆಯಿತು. ಆಮೇಲೆ, “ಊಟ ಎಲ್ಲ ಹೇಗಪ್ಪಾ?” ಎಂದರು. ಹುಡುಗ ಮೊಟ್ಟೆ ಕೂಡ ರೂಮಿನಲ್ಲಿ ಮಾಡುವುದಿಲ್ಲ ಎಂದ. “ಹಾಗಲ್ಲ, ನಿಮ್ಮದು ಯಾವ ಪೈಕಿ?” ಹೇಳಿದ. ಅವರ ಮುಖ ಗಂಟಿಕ್ಕಲಿಲ್ಲ, ದನಿ ಏರಲಿಲ್ಲ. “ತಪ್ಪು ತಿಳ್ಕೋಬೇಡಿ ಸಾರ್,” ಅಂತ ನನ್ನ ಕಡೆ ತಿರುಗಿ, “ನಮ್ಮ ತಾಯಿ ಇದಾರೆ, ವಯಸ್ಸಾಗಿದೆ” ಅಂದರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಬಸ್ ಸ್ಟಾಪಿನವರೆಗೂ ತಲೆ ತಗ್ಗಿಸಿಕೊಂಡು ಬಂದವನು ಹುಡುಗ. ನಾಚಿಕೆ ಪಟ್ಟವನು ಅವನು, ಅದೂ ನನ್ನನ್ನು ಬಿಸಿಲಲ್ಲಿ ಅಲೆಸಿದೆನಲ್ಲ ಎಂದು. ಈ ಪ್ರಕರಣದಲ್ಲಿ ಪಾಪಪ್ರಜ್ಞೆಯನ್ನು ಎಲ್ಲಿ ಹುಡುಕುತ್ತೀರಿ, ಯಾರ ಎದೆಗೆ ಅಕ್ಷರ ಹೊಲಿಯುತ್ತೀರಿ?

ಒಂದು ವಿಷಯದಲ್ಲಿ ಹೋಲಿಕೆ ಒಪ್ಪುತ್ತೇನೆ. 1692ರ ಸೇಲಂ ಮಾಟಗಾತಿಯರ ವಿಚಾರಣೆಯಲ್ಲಿ ಕೂತಿದ್ದ ನ್ಯಾಯಾಧೀಶರಲ್ಲಿ ಜಾನ್ ಹಾಥಾರ್ನ್ ಎಂಬುವನು ಕಾದಂಬರಿಕಾರನ ಪೂರ್ವಜ. ಆ ಅವಮಾನವನ್ನು ಈ ವಂಶಜ ತನ್ನ ತಲೆಯ ಮೇಲೆ ಹೊತ್ತುಕೊಂಡು ಬರೆದ. ತೀರ್ಥಹಳ್ಳಿ ಸೀಮೆಯ ಮೇಳಿಗೆಯವರಾದ ಅನಂತಮೂರ್ತಿಯವರೂ ತಮ್ಮ ಮನೆಯ ಜಗಲಿಯ ಬಗ್ಗೆಯೇ ಬರೆದರು. ವ್ಯತ್ಯಾಸ ಇಷ್ಟೇ: ಹಾಥಾರ್ನ್ ಬರೆಯುವ ಹೊತ್ತಿಗೆ ನ್ಯಾಯಾಧೀಶ ಮಣ್ಣಾಗಿ ಶತಮಾನ ಕಳೆದಿತ್ತು. ಇವರ ಜಗಲಿಯಲ್ಲಿ ಜನ ಇನ್ನೂ ಕೂತಿದ್ದರು, ಬೈದರು. 2014ರ ಆಗಸ್ಟಿನಲ್ಲಿ ಇವರು ತೀರಿಕೊಂಡಾಗ ಕೆಲವೆಡೆ ಪಟಾಕಿ ಹೊಡೆದರು. ಶವ ಯಾರು ಸುಡಬೇಕೆಂದು ಕಾದಂಬರಿ ಬರೆದವರ ದೇಹಕ್ಕೆ ಬೆಂಕಿ ಇಟ್ಟದ್ದು ಇಲ್ಲೇ, ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಜಿ.ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆಯೂ ಅಲ್ಲೇ ನಡೆದದ್ದು, ಸಿದ್ಧಲಿಂಗಯ್ಯನವರದೂ ಅಲ್ಲೇ. ಸಂಜೆ ವಾಕಿಂಗಿಗೆ ಹೋದಾಗ ಆ ಕಡೆ ಒಂದು ಸುತ್ತು ಹಾಕುತ್ತೇನೆ. ಊರೂ ಕೇರಿಯೂ ಒಂದೇ ನೆಲದಲ್ಲಿ ಮಲಗಿದ ಅಂಥ ಜಾಗ ಬೆಂಗಳೂರಿನಲ್ಲಿ ಬಾಡಿಗೆಗಂತೂ ಸಿಗುವುದಿಲ್ಲ.

ಈ ಸಂಚಿಕೆಯ ವಿಷಯ ‘ಹೊರಗೆ’. ಬಂದ ಲೇಖನಗಳು ಹನ್ನೊಂದು; ಅದರಲ್ಲಿ ಏಳು ಪ್ರಾಣೇಶಾಚಾರ್ಯರ ತಳಮಳ ಕುರಿತವು, ಹಿಂದಿರುಗಿಸಿದ್ದೇವೆ. ಅಂಚೆವೆಚ್ಚ ನಮ್ಮದೇ. ಹೆಣ ಸುಡಿಸಿ, ಕತ್ತಲಲ್ಲಿ ಕಾಡು ದಾಟಿ ಕುಂದಾಪುರದ ಬಸ್ಸಿಗೆ ಹೊರಟ ಚಂದ್ರಿ ಆಮೇಲೆ ಏನಾದಳು ಎಂದು ಕೇಳಿದ ಲೇಖನ ಒಂದೇ ಒಂದು. ಬರೆದಾಕೆಗೆ ಇದು ಮೊದಲ ಲೇಖನವಂತೆ. ಅದನ್ನು ಮೊದಲ ಪುಟಕ್ಕೇ ಹಾಕಿದ್ದೇವೆ.